ಇರಾಕ್ ದಿಗ್ಬಂಧನ: ಔಷಧಕ್ಕೆ ವಿನಾಯಿತಿ ಇದ್ದೂ ಜನ ನರಳಿದ್ದೇಕೆ?

ಓದುಗರ ಪತ್ರದ ಸಾರ: "1990ರ ದಶಕದ ಇರಾಕ್ ಬಗ್ಗೆ ನಿಮ್ಮ ಲೇಖನ ಏಕಪಕ್ಷೀಯವಾಗಿದೆ. ಆಹಾರಕ್ಕೂ ಔಷಧಕ್ಕೂ ಮೊದಲ ದಿನದಿಂದಲೇ ವಿನಾಯಿತಿ ಇತ್ತು. ಐದು ಲಕ್ಷ ಮಕ್ಕಳು ಸತ್ತರೆಂಬ ಲೆಕ್ಕ ಸುಳ್ಳೆಂದು ಆಮೇಲೆ ಗೊತ್ತಾಗಿದೆ. ಜನ ನರಳಿದ್ದರೆ ಅದಕ್ಕೆ ಸದ್ದಾಂ ಹುಸೇನ್ ಹೊಣೆ. ಆರ್ಥಿಕ ನಿರ್ಬಂಧವನ್ನೇಕೆ ದೂರುತ್ತೀರಿ?"

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಒಂದು ಮಾತನ್ನು ಮೊದಲೇ ಒಪ್ಪಿಬಿಡುತ್ತೇವೆ. ಐದು ಲಕ್ಷದ ಅಂಕಿಯನ್ನು ನಾವು ಅಚ್ಚು ಮಾಡಬಾರದಿತ್ತು. ಅದಕ್ಕೆ ಬಲ ಬಂದದ್ದು 1999ರ ಯುನಿಸೆಫ್ ಸಮೀಕ್ಷೆಯಿಂದ. ಇರಾಕಿನ ಮಧ್ಯ ಮತ್ತು ದಕ್ಷಿಣ ಭಾಗದಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಸಾವಿರಕ್ಕೆ 56 ಇದ್ದದ್ದು 131ಕ್ಕೆ ಏರಿದೆ ಎಂದು ಅದು ಹೇಳಿತ್ತು. ಆ ಸಮೀಕ್ಷೆ ನಡೆದದ್ದು ಇರಾಕ್ ಸರ್ಕಾರದ ಹಿಡಿತದಲ್ಲಿ. 2003ರಲ್ಲಿ ಸದ್ದಾಂ ಆಡಳಿತ ಬಿದ್ದ ನಂತರದ ಸಮೀಕ್ಷೆಗಳಲ್ಲಿ ಅದೇ ವರ್ಷಗಳ ಜನನ, ಮರಣದ ಬಗ್ಗೆ ತಾಯಂದಿರನ್ನು ಕೇಳಿದಾಗ ಅಂಥ ಏರಿಕೆ ಕಾಣಲಿಲ್ಲ. ಆಗಿನ ಲೆಕ್ಕವನ್ನು ತಿರುಚಲಾಗಿತ್ತು ಎಂದು 2017ರಲ್ಲಿ ಬ್ರಿಟನ್ನಿನ ಇಬ್ಬರು ಸಂಶೋಧಕರು ತೀರ್ಮಾನಿಸಿದರು. ತಪ್ಪು ನಮ್ಮದು, ತಿದ್ದಿಕೊಂಡಿದ್ದೇವೆ.

ಆದರೆ ನಿಮ್ಮ ವಿನಾಯಿತಿಯ ಮಾತು ಅರ್ಧ ಮಾತ್ರ ಸರಿ. ಇರಾಕ್ ಕುವೈತ್ ಮೇಲೆ ದಾಳಿ ಮಾಡಿದ ನಾಲ್ಕು ದಿನಕ್ಕೆ, 1990ರ ಆಗಸ್ಟ್ 6ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 661ನೇ ನಿರ್ಣಯ ಅಂಗೀಕರಿಸಿ ಇರಾಕಿನ ವ್ಯಾಪಾರಕ್ಕೆ ನಿರ್ಬಂಧ ಹೇರಿತು. ಅದರಲ್ಲಿ ವೈದ್ಯಕೀಯ ಸಾಮಗ್ರಿಗೆ ವಿನಾಯಿತಿ ಇತ್ತು. ಆಹಾರಕ್ಕೆ 'ಮಾನವೀಯ ಸಂದರ್ಭಗಳಲ್ಲಿ' ಮಾತ್ರ. ಆ ಷರತ್ತು ಸಡಿಲಗೊಂಡದ್ದು ಇರಾಕನ್ನು ಕುವೈತ್‌ನಿಂದ ಹೊರದಬ್ಬಿದ ಯುದ್ಧ ಮುಗಿದ ಮೇಲೆ, 1991ರಲ್ಲಿ. ಅದಕ್ಕಿಂತ ಮುಖ್ಯ ವಿಷಯ ಬೇರೆ ಇದೆ. ಅದೇ ನಿರ್ಣಯ ತೈಲ ಮಾರಾಟವನ್ನೂ ನಿಲ್ಲಿಸಿತು, ಹೊರಗಿದ್ದ ಹಣಕ್ಕೂ ಬೀಗ ಬಿತ್ತು. ಇರಾಕ್ ತಿನ್ನುತ್ತಿದ್ದ ಆಹಾರದಲ್ಲಿ ಸುಮಾರು ಮೂರನೇ ಎರಡು ಪಾಲು ಹೊರಗಿನದು, ರಫ್ತಿನ ಆದಾಯ ಹೆಚ್ಚುಕಡಿಮೆ ಪೂರ್ತಿ ತೈಲದ್ದು. ಅಂಗಡಿ ಬಾಗಿಲು ತೆರೆದಿಟ್ಟು ಗಿರಾಕಿಯ ಜೇಬಿಗೆ ಹೊಲಿಗೆ ಹಾಕಿದ ಹಾಗೆ.

ಇಲ್ಲಿ ಸದ್ದಾಂ ಸರ್ಕಾರದ ಪಾಲನ್ನೂ ಹೇಳಲೇಬೇಕು. ಮಿತ ಪ್ರಮಾಣದ ತೈಲ ಮಾರಿ ಆಹಾರ, ಔಷಧ ಕೊಳ್ಳಲು 1991ರಲ್ಲೇ ಭದ್ರತಾ ಮಂಡಳಿ ಅವಕಾಶ ಕೊಟ್ಟಿತ್ತು. ಸಾರ್ವಭೌಮತ್ವಕ್ಕೆ ಧಕ್ಕೆ ಎಂದು ಬಾಗ್ದಾದ್ ಅದನ್ನು ತಳ್ಳಿಹಾಕಿತು. 1995ರ 986ನೇ ನಿರ್ಣಯಕ್ಕೆ, ಅಂದರೆ 'ಆಹಾರಕ್ಕಾಗಿ ತೈಲ' ಯೋಜನೆಗೆ, ಒಪ್ಪಿ ಸಹಿ ಹಾಕಿದ್ದು 1996ರ ಮೇ ತಿಂಗಳಲ್ಲಿ. ಮೊದಲ ಆಹಾರ ಬಂದದ್ದು 1997ರ ಮಾರ್ಚ್‌ನಲ್ಲಿ. ಆ ವಿಳಂಬದ ಹೊಣೆಯಿಂದ ಅವರು ತಪ್ಪಿಸಿಕೊಳ್ಳುವಂತಿಲ್ಲ.

ಆ ಮಧ್ಯದ ವರ್ಷಗಳಲ್ಲಿ ಜನರನ್ನು ಉಳಿಸಿದ್ದು ಪಡಿತರ. 1990ರ ಸೆಪ್ಟೆಂಬರ್‌ನಲ್ಲಿ ಶುರುವಾದ ಈ ವ್ಯವಸ್ಥೆ ಪ್ರತಿ ಮನೆಯನ್ನೂ ಮುಟ್ಟುತ್ತಿತ್ತು. ಗೋಧಿ ಹಿಟ್ಟು, ಅಕ್ಕಿ, ಸಕ್ಕರೆ, ಚಹಾ, ಎಣ್ಣೆ, ಕೂಸುಗಳಿಗೆ ಹಾಲಿನ ಪುಡಿ, ಸಾಬೂನು. 1994ರಲ್ಲಿ ಹಣ ಸಾಲದೆ ಇದನ್ನು ಮೂರನೇ ಒಂದರಷ್ಟು ಕಡಿದರು. 1997ರ ನಂತರ ತಲೆಗೆ ತಿಂಗಳಿಗೆ ಸುಮಾರು 9 ಕೆಜಿ ಹಿಟ್ಟು, 3 ಕೆಜಿ ಅಕ್ಕಿ, 2 ಕೆಜಿ ಸಕ್ಕರೆ ಸಿಗತೊಡಗಿತು. ದಿನಕ್ಕೆ ಎರಡು ಸಾವಿರ ಕ್ಯಾಲೊರಿಯ ಗುರಿ. ಹೊಟ್ಟೆ ತುಂಬಿಸಲು ಅಷ್ಟು ಸಾಕು. ಆದರೆ ಅದರಲ್ಲಿ ಮೊಟ್ಟೆ ಇಲ್ಲ, ಮಾಂಸ ಇಲ್ಲ, ತರಕಾರಿ, ಹಣ್ಣು ಇಲ್ಲ. ಅವನ್ನು ಪೇಟೆಯಲ್ಲೇ ಕೊಳ್ಳಬೇಕು. ಕೈಯಲ್ಲಿ ಕಾಸಿಲ್ಲದವರು ಪಡಿತರದ ಒಂದು ಭಾಗವನ್ನೇ ಮಾರಿ ಔಷಧ ತಂದರು. ಹೆಂಗಸರಲ್ಲಿ, ಮಕ್ಕಳಲ್ಲಿ ರಕ್ತಹೀನತೆ ಹರಡಿತು.

ಹಾಲಿನ ಪುಡಿಯದ್ದು ಇನ್ನೊಂದು ದುರಂತ. ಪುಕ್ಕಟೆಗೆ ಹತ್ತಿರದ ಬೆಲೆಗೆ ಡಬ್ಬಿ ಸಿಗುವುದರಿಂದ ಎದೆಹಾಲು ಬಿಟ್ಟು ಬಾಟಲಿಗೆ ಹೊರಳಿದ ತಾಯಂದಿರು ಹೆಚ್ಚಾದರು. ಪುಡಿ ಕಲಸುವುದು ನಲ್ಲಿ ನೀರಿನಲ್ಲಿ. ನೀರೇ ಕೆಟ್ಟಿದ್ದರೆ ಕೂಸಿಗೆ ಭೇದಿ. ಪಡಿತರದಿಂದ ಆ ಡಬ್ಬಿಯನ್ನು ತೆಗೆದು ಬಸುರಿ, ಬಾಣಂತಿಯರಿಗೆ ಹೆಚ್ಚುವರಿ ಆಹಾರ ಕೊಡಿ ಎಂದು ಯುನಿಸೆಫ್ ಸಲಹೆ ಮಾಡಿತ್ತು.

ನೀರು ಕೆಟ್ಟದ್ದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿರ್ಬಂಧ ಕೆಲಸ ಮಾಡುವ ರೀತಿ ಇಲ್ಲಿ ಚೆನ್ನಾಗಿ ಕಾಣುತ್ತದೆ. ನದಿಯ ನೀರಿಗೆ ಮೊದಲು ಆಲಂ (ಪಟಿಕ) ಬೆರೆಸಿ ಕೆಸರು ತಳಕ್ಕಿಳಿಸುತ್ತಾರೆ, ಮರಳಿನಲ್ಲಿ ಸೋಸುತ್ತಾರೆ, ಕೊನೆಗೆ ಕ್ಲೋರಿನ್ ಸೇರಿಸುತ್ತಾರೆ. ಮನೆಯ ನಲ್ಲಿಗೆ ಬರುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಪೈಪಿನೊಳಗೆ ಸದಾ ಒತ್ತಡವೂ ಇರಬೇಕು. 1991ರ ಬಾಂಬ್ ದಾಳಿಯಲ್ಲಿ ವಿದ್ಯುತ್ ಸ್ಥಾವರಗಳು ನುಚ್ಚುನೂರಾದವು. ಕೆಡವಿದ್ದು ಯುದ್ಧ, ರಿಪೇರಿ ತಡೆದದ್ದು ನಿರ್ಬಂಧ. ಕರೆಂಟು ಹೋದೊಡನೆ ಪಂಪ್ ನಿಲ್ಲುತ್ತದೆ, ಒತ್ತಡ ಇಳಿಯುತ್ತದೆ. ಆಗ ಹಳೆಯ ಪೈಪಿನ ಬಿರುಕುಗಳಿಂದ ಹೊರಗಿನ ಕೊಳಚೆ ಒಳಕ್ಕೆ ನುಗ್ಗುತ್ತದೆ. ನೀರು ಸಾಲದೆ ಮನೆಯವರು ಬೀದಿಯ ಪೈಪಿಗೇ ನೇರವಾಗಿ ಮೋಟಾರು ಜೋಡಿಸಿ ಎಳೆದರೆ ಇನ್ನೂ ಕೆಟ್ಟದು, ಆ ಎಳೆತಕ್ಕೆ ಚರಂಡಿ ನೀರೂ ಜೊತೆಗೆ ಬರುತ್ತದೆ. ಬಾಗ್ದಾದ್, ಬಸ್ರಾ ಎರಡೂ ಸಮತಟ್ಟು ನೆಲದ ಊರುಗಳು. ಅಲ್ಲಿ ಕೊಳಚೆ ತಾನಾಗಿ ಹರಿದು ಹೋಗುವುದಿಲ್ಲ, ಪಂಪಿನಿಂದ ಎತ್ತಲೇಬೇಕು. ಪಂಪ್ ನಿಂತಲ್ಲಿ ಅದು ಬೀದಿಗೆ ಬಂತು. ಶುದ್ಧೀಕರಣ ಘಟಕಗಳೂ ಕೆಟ್ಟಿದ್ದರಿಂದ ಉಳಿದದ್ದು ಹಸಿಹಸಿಯಾಗಿ ಟೈಗ್ರಿಸ್ ಸೇರಿತು. ಕೆಳಗಿನ ಊರಿನವರು ಕುಡಿಯುವುದು ಅದೇ ನದಿಯ ನೀರನ್ನು.

ನೀರು ಶುದ್ಧ ಮಾಡಲು ಬೇಕಾದ ಕ್ಲೋರಿನ್ ಅನಿಲ ಯುದ್ಧಾಸ್ತ್ರಕ್ಕೂ ಆದೀತು. ಹೀಗೆ ಎರಡು ಬಗೆಯ ಬಳಕೆಯಿರುವ ಯಾವ ವಸ್ತುವಾದರೂ ಸಂಶಯದ ಪಟ್ಟಿಗೆ ಬೀಳುತ್ತಿತ್ತು. ಪಂಪು, ಜನರೇಟರ್ ಭಾಗ, ಲಾರಿ, ಸಂಪರ್ಕ ಸಾಧನ ಯಾವುದೂ ಇದಕ್ಕೆ ಹೊರತಲ್ಲ. ನಿರ್ಬಂಧದ ಮೇಲ್ವಿಚಾರಣೆಗೆ ಭದ್ರತಾ ಮಂಡಳಿ ಮಾಡಿದ 661ರ ಸಮಿತಿಯಲ್ಲಿ ಹದಿನೈದು ದೇಶಗಳು. ಯಾವುದೇ ಒಂದು ದೇಶ 'ತಡೆ' ಎಂದರೆ ಆ ಸಾಮಾನಿನ ಖರೀದಿ ಗುತ್ತಿಗೆ ಅಲ್ಲಿಗೇ ನಿಂತಿತು. ಬಹುಪಾಲು ತಡೆ ಹಾಕಿದ್ದು ಅಮೆರಿಕ, ಸ್ವಲ್ಪ ಮಟ್ಟಿಗೆ ಬ್ರಿಟನ್. 2002ರ ಹೊತ್ತಿಗೆ ಹೀಗೆ ನಿಂತ ಗುತ್ತಿಗೆಗಳ ಮೌಲ್ಯ 500 ಕೋಟಿ ಡಾಲರ್ ದಾಟಿತ್ತು. ಹತ್ತು ಸಾಮಾನು ಸೇರಿ ಒಂದು ಘಟಕವಾಗುವಾಗ ಒಂಬತ್ತಕ್ಕೆ ಒಪ್ಪಿಗೆ ಸಿಕ್ಕು ಒಂದಕ್ಕೆ ತಡೆ ಬಿದ್ದರೆ ಆ ಒಂಬತ್ತೂ ಗೋದಾಮಿನಲ್ಲಿ ಧೂಳು ತಿನ್ನುತ್ತವೆ. ಇನ್ಸುಲಿನ್ ಬಂತು, ಸಿರಿಂಜ್ ಬರಲಿಲ್ಲ ಎಂಬಂಥ ದೂರುಗಳು ವಿಶ್ವಸಂಸ್ಥೆಯ ಅಧಿಕಾರಿಗಳಿಂದಲೇ ಬಂದವು. ಇರಾಕಿನಲ್ಲಿ ಅದರ ಮಾನವೀಯ ನೆರವಿನ ಮುಖ್ಯಸ್ಥರಾಗಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಅವರ ನಂತರ ಬಂದ ಹ್ಯಾನ್ಸ್ ವಾನ್ ಸ್ಪೋನೆಕ್ 2000ದಲ್ಲಿ ರಾಜೀನಾಮೆ ಕೊಟ್ಟು ಹೊರನಡೆದದ್ದು ಈ ನಿರ್ಬಂಧವನ್ನು ವಿರೋಧಿಸಿಯೇ.

'ಆಹಾರಕ್ಕಾಗಿ ತೈಲ' ಯೋಜನೆಯಲ್ಲಿ ಬೇಕಾದಷ್ಟು ಹಣ ಇತ್ತಲ್ಲ ಎಂದು ನೀವು ಕೇಳಬಹುದು. ಮೊದಮೊದಲು ಆರು ತಿಂಗಳಿಗೆ 200 ಕೋಟಿ ಡಾಲರ್ ಮಿತಿ. ಅದರಲ್ಲಿ 30 ಶೇಕಡಾ ಯುದ್ಧ ಪರಿಹಾರಕ್ಕೆ, 13 ಶೇಕಡಾ ಉತ್ತರದ ಕುರ್ದಿಷ್ ಪ್ರಾಂತ್ಯಗಳಿಗೆ, ಒಂದಿಷ್ಟು ವಿಶ್ವಸಂಸ್ಥೆಯ ಖರ್ಚಿಗೆ. ಮಧ್ಯ ಮತ್ತು ದಕ್ಷಿಣಕ್ಕೆ ಉಳಿದದ್ದು 53 ಶೇಕಡಾ, ಅಂದರೆ 106 ಕೋಟಿ. ಅಲ್ಲಿದ್ದ ಸುಮಾರು ಎರಡು ಕೋಟಿ ಜನರಿಗೆ ಹಂಚಿ ನೋಡಿ. ತಲೆಗೆ ದಿನಕ್ಕೆ 30 ಸೆಂಟ್ ಆಸುಪಾಸು. ಊಟ, ಔಷಧ, ನೀರು, ಕರೆಂಟು, ಶಾಲೆ ಎಲ್ಲವೂ ಅದರಲ್ಲೇ. 1998ರಲ್ಲಿ ಮಿತಿ ಏರಿತು, 1999ರ ಕೊನೆಗೆ ಮಿತಿಯೇ ಹೋಯಿತು, ನಿಜ. ಆದರೆ ಮಧ್ಯ, ದಕ್ಷಿಣದಲ್ಲಿ ಒಳಗೆ ಬಂದದ್ದು ಸರಕು ಮಾತ್ರ. ಆ ಹಣದಲ್ಲಿ ಪಂಪ್ ತರಬಹುದಿತ್ತು, ಅದನ್ನು ಕೂರಿಸುವ ಎಂಜಿನಿಯರಿಗೆ ಸಂಬಳ ಕೊಡುವಂತಿರಲಿಲ್ಲ. ಹೊರಗಿನ ಗೋಧಿ ಕೊಳ್ಳಬಹುದಿತ್ತು, ಅಲ್ಲಿನ ರೈತ ಬೆಳೆದದ್ದನ್ನು ಕೊಳ್ಳುವಂತಿರಲಿಲ್ಲ.

ಸಂಬಳದ ವಿಷಯ ಇನ್ನೂ ನೋವಿನದು. 1990ಕ್ಕೆ ಮುಂಚೆ ಅಧಿಕೃತ ದರದಲ್ಲಿ ಒಂದು ದಿನಾರಿಗೆ ಮೂರು ಡಾಲರಿಗೂ ಹೆಚ್ಚು. 1995ರ ಕೊನೆಗೆ ಪೇಟೆಯಲ್ಲಿ ಒಂದು ಡಾಲರಿಗೆ ಸುಮಾರು ಮೂರು ಸಾವಿರ ದಿನಾರ್. ಒಳ್ಳೆಯ ನೋಟು ಅಚ್ಚಾಗುತ್ತಿದ್ದದ್ದು ಬ್ರಿಟನ್ನಿನಲ್ಲಿ. ಅದು ನಿಂತ ಮೇಲೆ ಸರ್ಕಾರ ಕಳಪೆ ಕಾಗದದಲ್ಲಿ ತಾನೇ ಅಚ್ಚು ಹಾಕಿ ಖರ್ಚು ತೂಗಿಸಿತು. ಕುರ್ದಿಷ್ ಭಾಗದವರು 'ಸ್ವಿಸ್ ದಿನಾರ್' ಎಂದು ಕರೆಯುತ್ತಿದ್ದ ಹಳೆಯ ನೋಟನ್ನೇ ಇಟ್ಟುಕೊಂಡರು. ಹರಿದು ಚಿಂದಿಯಾದರೂ ಅದರ ಬೆಲೆ ಉಳಿಯಿತು. ಬಾಗ್ದಾದಿನ ಶಾಲಾ ಶಿಕ್ಷಕರ ತಿಂಗಳ ಸಂಬಳ ಮಾತ್ರ ಎರಡು ಮೂರು ಡಾಲರಿಗೆ ಇಳಿಯಿತು. ಅವರು ಟ್ಯಾಕ್ಸಿ ಓಡಿಸಿದರು, ಪಾತ್ರೆ ಪಗಡೆ ಮಾರಿದರು. ಬಾಗ್ದಾದಿನ ಪುಸ್ತಕ ಪೇಟೆಯಾದ ಮುತನಬ್ಬಿ ಬೀದಿಯ ಶುಕ್ರವಾರದ ಸಂತೆಯಲ್ಲಿ ಓದಿದವರ ಮನೆಗಳ ಪುಸ್ತಕ ನೆಲದ ಮೇಲೆ ಹರಡಿಕೊಂಡು ಗಿರಾಕಿಗೆ ಕಾದವು. ನಿಶ್ಚಿತ ಸಂಬಳ ನಂಬಿದ್ದ ವರ್ಗ ಹೀಗೆ ಕರಗಿತು. ಕಳ್ಳಸಾಗಣೆಗೆ ದಾರಿ ಇದ್ದವರು ಸಿರಿವಂತರಾದರು.

ಸದ್ದಾಂ ಇದರಿಂದ ಬಡವನಾಗಲಿಲ್ಲ, ದುರ್ಬಲನೂ ಆಗಲಿಲ್ಲ. ಗಡಿಯಾಚೆಗೆ ಕಳ್ಳದಾರಿಯಲ್ಲಿ ತೈಲ ಹೋಯಿತು. 2000ದ ನಂತರ ಗುತ್ತಿಗೆದಾರರಿಂದ ಸಾಮಾನ್ಯವಾಗಿ ಶೇಕಡಾ ಹತ್ತರಷ್ಟು ಲಂಚ ವಸೂಲಾಯಿತು, ಯೋಜನೆಯ ಅವ್ಯವಹಾರ ತನಿಖೆಗೆ ವಿಶ್ವಸಂಸ್ಥೆ ನೇಮಿಸಿದ ವೋಲ್ಕರ್ ಸಮಿತಿಯ 2005ರ ವರದಿಯಲ್ಲಿ ಅದರ ವಿವರ ಇದೆ. ಮೇಲಾಗಿ ಪಡಿತರ ಚೀಟಿ ಇದ್ದದ್ದು ಅವನ ಸರ್ಕಾರದ ಕೈಯಲ್ಲಿ. ಯಾವ ಮನೆಯಲ್ಲಿ ಎಷ್ಟು ಜನ, ಅವರ ಹೆಸರೇನು, ಯಾರು ಹೊಸದಾಗಿ ಹುಟ್ಟಿದರು ಎಲ್ಲವೂ ಆ ಪಟ್ಟಿಯಲ್ಲಿ. ಅನ್ನಕ್ಕೆ ಆ ಪಟ್ಟಿಯೊಂದೇ ಗತಿಯಾದಾಗ ಎದುರು ಮಾತಾಡುವವರು ಯಾರು? ಜನರ ಮೇಲೆ ಒತ್ತಡ ಹಾಕಿದರೆ ಅವರು ದೊರೆಯನ್ನು ಕೆಡವುತ್ತಾರೆ ಎಂಬ ಲೆಕ್ಕಾಚಾರ ಇಲ್ಲೇ ತಲೆಕೆಳಗಾದದ್ದು ಎಂದು ನಾವು ನಂಬುತ್ತೇವೆ.

ಹೀಗಾಗಿ ಹೊಣೆ ಸದ್ದಾಂ ಮತ್ತು ನಿರ್ಬಂಧ ಹೇರಿದವರು ಇಬ್ಬರದೂ. 1999ರಲ್ಲಿ ಭದ್ರತಾ ಮಂಡಳಿಯೇ ನೇಮಿಸಿದ ತಂಡ ಕೂಡ, ಎಲ್ಲ ಸಂಕಟಕ್ಕೂ ಹೊರಗಿನವರು ಕಾರಣರಲ್ಲವಾದರೂ ದೀರ್ಘ ನಿರ್ಬಂಧ ಮತ್ತು ಯುದ್ಧ ಇರದಿದ್ದರೆ ಇರಾಕಿಗಳು ಇಷ್ಟು ಕಷ್ಟ ಪಡುತ್ತಿರಲಿಲ್ಲ ಎಂದಿತ್ತು.

ವಿನಾಯಿತಿಯ ಪಾಠ ಪೂರ್ತಿ ವ್ಯರ್ಥವಾಗಿಲ್ಲ. 2002ರ ಮೇ ತಿಂಗಳಲ್ಲಿ 1409ನೇ ನಿರ್ಣಯ ಬಂದು, ಪರಿಶೀಲನೆ ಬೇಕಾದ ವಸ್ತುಗಳ ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ತರಬಹುದು ಎಂದಾಯಿತು. ಹನ್ನೆರಡು ವರ್ಷ ತಡವಾಗಿ. ವಿಶ್ವಸಂಸ್ಥೆಯ ನಿರ್ಬಂಧಗಳಲ್ಲಿ ಆಸ್ತಿ ಮುಟ್ಟುಗೋಲಿನಿಂದ ಮಾನವೀಯ ನೆರವಿಗೆ ಕಾಯಂ ವಿನಾಯಿತಿ ಕೊಡುವ 2664ನೇ ನಿರ್ಣಯ 2022ರ ಡಿಸೆಂಬರ್‌ನಲ್ಲಿ ಅಂಗೀಕಾರವಾಯಿತು. ಅದು ಒಂದೊಂದು ದೇಶ ತಾನೇ ಹೇರುವ ನಿರ್ಬಂಧಗಳಿಗೆ ಅನ್ವಯಿಸುವುದಿಲ್ಲ. ಇರಾನಿಗೆ ಔಷಧ ಮಾರಲು ಇಂದಿಗೂ ಅಮೆರಿಕದ ಕಾನೂನಿನಲ್ಲಿ ಅನುಮತಿ ಇದೆ. ಆ ಔಷಧದ ಹಣ ದಾಟಿಸಲು ಮಾತ್ರ ಬ್ಯಾಂಕುಗಳು ದಂಡಕ್ಕೆ ಹೆದರಿ ಹಿಂದೆ ಸರಿಯುತ್ತವೆ.