ಲೈಂಗಿಕ ವೃತ್ತಿಗೆ ಲೈಸೆನ್ಸ್ ಕೊಟ್ಟರೆ ಕೊಡಗಿನಂಥ ಊರಲ್ಲಿ ಏನಾಗುತ್ತದೆ?

ಲೈಂಗಿಕ ವೃತ್ತಿಯನ್ನು ಕಾನೂನುಬದ್ಧ ಮಾಡಿ, ಲೈಸೆನ್ಸ್ ಕೊಟ್ಟು, ತಪಾಸಣೆ ಕಡ್ಡಾಯ ಮಾಡಿದರೆ ಸಮಾಜಕ್ಕೆ ಒಳ್ಳೆಯದಾ, ಹೋಂಸ್ಟೇ ತುಂಬಿರುವ ಕೊಡಗಿಗೆ ಇದು ಬೇಕಾ ಎಂದು ಕೇಳಿದ್ದೀರಿ. ನಾನು ಕುಶಾಲನಗರದ ಕಡೆಯವಳು. ಎಚ್‌ಐವಿ ತಡೆ ಯೋಜನೆಯೊಂದರಲ್ಲಿ ಆರು ವರ್ಷ ಆಪ್ತಸಮಾಲೋಚಕಿಯಾಗಿದ್ದೆ. ಈ ಹೆಂಗಸರಿಗೆ ಕೇಸಿನ ಭಯ ಹೋಗಲೇಬೇಕು. ಲೈಸೆನ್ಸ್ ಮಾತ್ರ ಬೇಡ.

ವಯಸ್ಕ ಹೆಣ್ಣೊಬ್ಬಳು ತನ್ನಿಷ್ಟದಿಂದ ಈ ಕೆಲಸ ಮಾಡುವುದು ನಮ್ಮಲ್ಲಿ ಈಗಲೂ ಅಪರಾಧವಲ್ಲ. 1956ರ ಅನೈತಿಕ ಸಾಗಾಟ ತಡೆ ಕಾಯ್ದೆ ಹಿಡಿಯುವುದು ಅದರ ಸುತ್ತಲಿನದನ್ನು: ವೇಶ್ಯಾಗೃಹ ನಡೆಸುವುದು, ದಲ್ಲಾಳಿತನ, ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯುವುದು. ಕೇಳಲು ಸರಿಯಾಗಿಯೇ ಇದೆ. ಆದರೆ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಕಾವಲಾಗಿ ಒಂದೇ ಬಾಡಿಗೆ ಮನೆಯಲ್ಲಿ ಕೆಲಸ ಮಾಡಿದರೂ ಅದು ವೇಶ್ಯಾಗೃಹ. ಹದಿನೆಂಟು ದಾಟಿದ ಮಗ ಅವ್ವನ ದುಡ್ಡಲ್ಲಿ ಕಾಲೇಜು ಓದುತ್ತಿದ್ದರೆ, ಅವಳ ಸಂಪಾದನೆಯಲ್ಲಿ ಬದುಕುತ್ತಿದ್ದಾನೆಂದು ಅವನ ಮೇಲೂ ಕೇಸು ಹಾಕಬಹುದು.

ಒಂದು ಆಗಸ್ಟ್ ತಿಂಗಳು, ಜಡಿಮಳೆ. ಒಬ್ಬಾಕೆ ಮೈಯೆಲ್ಲ ನೆನೆದು ನಮ್ಮ ಕೇಂದ್ರಕ್ಕೆ ಬಂದಳು. ತುಟಿ ಒಡೆದಿತ್ತು. ಪ್ರವಾಸಕ್ಕೆ ಬಂದಿದ್ದ ಗಂಡಸೊಬ್ಬ ಹೊಡೆದು, ಫೋನು ಕಿತ್ತುಕೊಂಡು, ಬೆಳಗಿನ ಜಾವ ಕಾರು ಹತ್ತಿ ಹೋಗಿದ್ದ. ನಾನೇ ಒತ್ತಾಯ ಮಾಡಿ ಠಾಣೆಯೊಂದಕ್ಕೆ ಕರೆದುಕೊಂಡು ಹೋದೆ. "ನೀನು ಅಲ್ಲಿಗೆ ಯಾಕೆ ಹೋಗಿದ್ದೆ?" ಎಂದು ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ಅವಳು ಸೆರಗಲ್ಲಿ ತುಟಿ ಮುಚ್ಚಿಕೊಂಡು, "ಫೋನು ಬಸ್ಸಲ್ಲಿ ಬಿದ್ದುಹೋಯ್ತು ಸಾರ್" ಅಂದಳು. ಕಳೆದುಹೋದ ವಸ್ತು ಎಂದು ಬರೆದು ರಸೀದಿ ಕೊಟ್ಟರು. ಹೊರಗೆ ಬಂದ ಮೇಲೆ, "ಬಿಡಿ ಅಕ್ಕಾ, ಕೇಸಾದರೆ ಮಗಳ ಶಾಲೆಗೆ ಗೊತ್ತಾಗುತ್ತೆ" ಅಂದಳು. ಅವತ್ತು ಅವಳನ್ನು ಅಲ್ಲಿಗೆ ಕರೆದೊಯ್ದದ್ದಕ್ಕೆ ನನಗೆ ಇಂದಿಗೂ ಸಂಕಟವಿದೆ.

2022ರ ಮೇ 19ರಂದು ಸುಪ್ರೀಂ ಕೋರ್ಟ್ ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ ಕೊಟ್ಟ ಆದೇಶ ಇಂಥದ್ದಕ್ಕೇ. ದೂರು ಕೊಡಲು ಬಂದವಳನ್ನು ಗೌರವದಿಂದ ಕಾಣಬೇಕು, ಕಾಂಡೋಮನ್ನು ಅಪರಾಧದ ಸಾಕ್ಷಿ ಮಾಡಬಾರದು ಎಂದಿತು. ಕಾಂಡೋಮ್ ವಿಷಯ ಸಣ್ಣದಲ್ಲ. ಪೊಲೀಸರು ಚೀಲ ನೋಡುತ್ತಾರೆಂದು ನಾವು ಕೊಟ್ಟದ್ದನ್ನು ಬಸ್ ಸ್ಟ್ಯಾಂಡಿನ ಕಸದ ಡಬ್ಬಿಗೆ ಹಾಕಿ ಹೋದವರನ್ನು ನೋಡಿದ್ದೇನೆ.

ನ್ಯೂಜಿಲೆಂಡ್ 2003ರಲ್ಲಿ ಈ ಕೆಲಸವನ್ನು ಅಪರಾಧದ ಪಟ್ಟಿಯಿಂದಲೇ ತೆಗೆಯಿತು. ನಾಲ್ಕು ಜನದವರೆಗೆ ತಾವೇ ಸೇರಿ ನಡೆಸಿಕೊಂಡರೆ ಯಾವ ಪ್ರಮಾಣಪತ್ರವೂ ಬೇಡ. 2008ರಲ್ಲಿ ಅಲ್ಲಿನ ಪರಿಶೀಲನಾ ಸಮಿತಿ ನೋಡಿದಾಗ ವೃತ್ತಿಯಲ್ಲಿರುವವರ ಸಂಖ್ಯೆ ಏರಿರಲಿಲ್ಲ, ಬೇಡದ ಗಿರಾಕಿಗೆ ಇಲ್ಲ ಅನ್ನುವ ಧೈರ್ಯ ಹೆಚ್ಚಿತ್ತು. ತಾತ್ಕಾಲಿಕ ವೀಸಾದವರನ್ನು ಮಾತ್ರ ಹೊರಗಿಟ್ಟರು. ಆ ಹೆಂಗಸರು ಇವತ್ತಿಗೂ ದೂರು ಕೊಡಲು ಹೆದರುತ್ತಾರೆ. ಜರ್ಮನಿ 2017ರಿಂದ ನೋಂದಣಿ ಕಡ್ಡಾಯ ಮಾಡಿತು. 2019ರ ಕೊನೆಗೆ ಹೆಸರು ಬರೆಸಿದವರು ಸುಮಾರು 40,000. ವೃತ್ತಿಯಲ್ಲಿರುವವರ ಅಂದಾಜು ಅದರ ಎಷ್ಟೋ ಪಟ್ಟು.

ಅಷ್ಟು ದೊಡ್ಡ ದೇಶದಲ್ಲೇ ಹೀಗಾದರೆ, 2011ರ ಜನಗಣತಿಯಲ್ಲಿ ಐದೂವರೆ ಲಕ್ಷ ಜನರಿದ್ದ ಕೊಡಗಿನಲ್ಲಿ? ಇಲ್ಲಿ ಮನೆಹೆಸರು ಹೇಳಿದರೆ ಊರು, ತೋಟ, ನೆಂಟಸ್ತನ ಎಲ್ಲ ಗೊತ್ತಾಗುತ್ತದೆ. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಎಷ್ಟೋ ಜನ ರಕ್ತಪರೀಕ್ಷೆಯನ್ನೇ ಇಲ್ಲಿ ಮಾಡಿಸುತ್ತಿರಲಿಲ್ಲ. ಬಸ್ಸು ಹತ್ತಿ ಹುಣಸೂರಿಗೋ ಮೈಸೂರಿಗೋ ಹೋಗುತ್ತಿದ್ದರು. ಅಂಥವಳು ಮಡಿಕೇರಿಯ ಯಾವ ಕೌಂಟರಿನ ಮುಂದೆ ನಿಂತು ಲೈಸೆನ್ಸಿಗೆ ಅರ್ಜಿ ಕೊಡುತ್ತಾಳೆ? ಅವಳ ಬದಲು ದುಡ್ಡಿದ್ದವನು ಅರ್ಜಿ ಹಾಕುತ್ತಾನೆ. ಅವಳು ಅವನ ಕೈಕೆಳಗೆ ಸೇರಬೇಕು, ಇಲ್ಲವೇ ಮತ್ತೆ ಕಾನೂನಿನ ಹೊರಗೆ. ತಪಾಸಣೆ ಕಡ್ಡಾಯವಾದರೂ ಅವಳಿಗಷ್ಟೇ. ವೀಕೆಂಡಿಗೆ ಬರುವ ಗಿರಾಕಿಯನ್ನು ಯಾರು ತಪಾಸಣೆ ಮಾಡುತ್ತಾರೆ?

ಕೇಸಿನ ಭಯ ತೆಗೆದರೆ ಹೆಣ್ಣುಮಕ್ಕಳ ಸಾಗಾಟ ಹೆಚ್ಚುತ್ತದೆ ಅನ್ನುವವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಕಾಫಿ ಕೊಯ್ಲಿಗೆ ಅಸ್ಸಾಂ ಕಡೆಯಿಂದ ಬಂದು ತೋಟದ ಲೈನ್ ಮನೆಗಳಲ್ಲಿರುವ ಕುಟುಂಬಗಳಿಗೆ ಇಲ್ಲಿ ಹೇಳುವವರು ಕೇಳುವವರು ಇಲ್ಲ. ಹದಿನೆಂಟರ ಒಳಗಿನ ಹುಡುಗಿಯ ವಿಷಯದಲ್ಲಿ, ಬಲವಂತದ ವಿಷಯದಲ್ಲಿ ಒಂದಿಷ್ಟೂ ಸಡಿಲ ಬೇಡ. ಆದರೆ ಯಾವ ಹೋಂಸ್ಟೇಗೆ ಚಿಕ್ಕ ಹುಡುಗಿಯನ್ನು ತಂದಿದ್ದಾರೆ ಎಂಬ ಸುದ್ದಿ ನಮಗೆ ಮೊದಲು ಮುಟ್ಟುತ್ತಿದ್ದದ್ದು ಇದೇ ಹೆಂಗಸರಿಂದ. ಪೊಲೀಸರಿಗೆ ನೇರವಾಗಿ ಹೇಳು ಅಂದರೆ ಅವರು ಹೇಳುತ್ತಿರಲಿಲ್ಲ.