ಪತ್ರಿಕೆಗೆ ಚಿತ್ರ, ಕಾಮಿಕ್ಸ್‌ಗೆ ಪುಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪತ್ರಿಕೆಗಳ ಕಥೆಗೆ ಚಿತ್ರ ಬರೆಯುತ್ತಿದ್ದೇನೆ. ಕಾಮಿಕ್ಸ್‌ಗೂ ಕೈಹಾಕಬಹುದೇ?

ಖಂಡಿತ. ಅಮೆರಿಕದ ಜಾಕ್ ಡೇವಿಸ್ (1924–2016) 1950ರ ದಶಕದಲ್ಲಿ ಪ್ರಕಾಶನ ಸಂಸ್ಥೆ ಇಸಿ ಕಾಮಿಕ್ಸ್‌ಗೆ ಭಯಾನಕ ಕಥೆ, ಯುದ್ಧದ ಕಥೆಗಳ ಚಿತ್ರ ಬರೆದವರು. ಮುಂದೆ ‘ಟೈಮ್’, ‘ಟಿವಿ ಗೈಡ್’ ಪತ್ರಿಕೆಗಳ ಮುಖಪುಟಕ್ಕೂ ಚಿತ್ರ ಕೊಟ್ಟರು. ವ್ಯಂಗ್ಯಚಿತ್ರಕಾರರಿಗೆ ಕೊಡುವ ರೂಬೆನ್ ಪ್ರಶಸ್ತಿ 2000ಕ್ಕೆ ಅವರದು; 2003ರಲ್ಲಿ ಐಸ್ನರ್ ಕಾಮಿಕ್ಸ್ ಪ್ರಶಸ್ತಿಯ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೂ ಸೇರಿದರು.

ಆದರೆ ಎರಡೂ ಬೇಡುವ ಕಸುಬು ಬೇರೆ. ಪತ್ರಿಕೆಯ ಚಿತ್ರ ಒಂದೇ ನೋಟಕ್ಕೆ ಓದುಗರನ್ನು ಹಿಡಿದು ನಿಲ್ಲಿಸಬೇಕು. ಕಾಮಿಕ್ಸ್ ಪುಟ ಅವರನ್ನು ನಿಲ್ಲಲು ಬಿಡದೆ ಮುಂದಿನ ಚೌಕಕ್ಕೆ ಕರೆದೊಯ್ಯಬೇಕು. ಅದೇ ಮುಖ ನೂರು ಸಲ, ನೂರು ಕೋನದಲ್ಲಿ ಬರಬೇಕು. ಹೊಸಬರು ಎಡವುವುದು ಇಲ್ಲೇ: ಐದನೇ ಪುಟಕ್ಕೆ ಬರುವಷ್ಟರಲ್ಲಿ ನಾಯಕನ ಮೂಗು ಬದಲಾಗಿರುತ್ತದೆ. ಕಥೆ ಶುರುಮಾಡುವ ಮೊದಲೇ ಪ್ರತಿ ಪಾತ್ರವನ್ನು ಎದುರಿನಿಂದ, ಮುಕ್ಕಾಲು ತಿರುಗಿದಂತೆ, ಪಕ್ಕದಿಂದ, ಹಿಂದಿನಿಂದ ಬರೆದಿಡಿ. ಎಲ್ಲ ಪಾತ್ರಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಎತ್ತರ ಗುರುತು ಮಾಡಿ, ಆ ಹಾಳೆಯನ್ನು ಮೇಜಿನ ಎದುರಿಗೇ ಅಂಟಿಸಿಕೊಳ್ಳಿ.

ಪ್ರಶ್ನೆ: ಸಂಪಾದಕರಿಗೆ ಮಾದರಿ ಕಳಿಸುವಾಗ ಎಷ್ಟು ಚಿತ್ರ ಇರಬೇಕು?

ಪತ್ರಿಕೆಗಾದರೆ ಹತ್ತು ಹನ್ನೆರಡು ಸಾಕು. ದುರ್ಬಲವಾದದ್ದು ಒಂದಿದ್ದರೂ ಕಣ್ಣು ಅಲ್ಲೇ ಹೋಗುತ್ತದೆ. ಕಾಮಿಕ್ಸ್‌ಗೆ ಒಂದೇ ಕಥೆಯ ನಾಲ್ಕೈದು ಪುಟ, ಸಾಲಾಗಿ. ಹೊಡೆದಾಟದ ಬಿಡಿ ಚಿತ್ರಗಳನ್ನು ಎಷ್ಟು ಚೆನ್ನಾಗಿ ಬರೆದು ಕಳಿಸಿದರೂ, ಕಥೆ ನಡೆಸುವ ಶಕ್ತಿ ನಿಮಗಿದೆಯೇ ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಇಬ್ಬರು ಒಂದು ಕೋಣೆಯಲ್ಲಿ ಕೂತು ಮಾತಾಡುವ ಪುಟ ಒಂದಿರಲಿ. ಅದೇ ನಿಜವಾದ ಪರೀಕ್ಷೆ.

ಪ್ರಶ್ನೆ: ಮೂಲಚಿತ್ರ ಸೊಗಸಾಗಿತ್ತು. ಅಚ್ಚಾದ ಮೇಲೆ ನೆರಳಿನ ಗೆರೆಗಳೆಲ್ಲ ಮೆತ್ತಿಕೊಂಡು ಕಪ್ಪು ಮಚ್ಚೆಯಾದವು. ಏಕೆ?

ಅಳತೆ ಕುಗ್ಗಿದ್ದರಿಂದ. ಅಮೆರಿಕನ್ ಕಾಮಿಕ್ಸ್‌ನ ಮೂಲಪುಟವನ್ನು ಸಾಮಾನ್ಯವಾಗಿ 11×17 ಇಂಚಿನ ಹಾಳೆಯಲ್ಲಿ ಬರೆಯುತ್ತಾರೆ; ಅಚ್ಚಾಗುವಾಗ ಅದು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಗೆರೆಗಳ ನಡುವಿನ ಬಿಳಿಯೂ ಅಷ್ಟೇ ಕುಗ್ಗುತ್ತದೆ. ಜೊತೆಗೆ ಕಾಗದ ಶಾಯಿ ಹೀರಿ ಗೆರೆ ಹರಡುತ್ತದೆ. ಒರಟು ಕಾಗದದಲ್ಲಿ ಇದು ಇನ್ನೂ ಜಾಸ್ತಿ. ಇಂಕ್ ಹಾಕುವ ಮೊದಲು ಪೆನ್ಸಿಲ್ ಪುಟವನ್ನು ಅಚ್ಚಿನ ಅಳತೆಗೆ ಇಳಿಸಿ ಒಂದು ಪ್ರತಿ ತೆಗೆದು ನೋಡಿ. ಬಿಳಿ ಸಂದು ಅಲ್ಲಿ ಕಾಣದಿದ್ದರೆ ನೆರಳಿನ ಗೆರೆಗಳನ್ನು ಬಿಡಿಬಿಡಿಯಾಗಿ ಎಳೆಯಿರಿ.

ಸ್ಕ್ಯಾನಿಂಗ್‌ನಲ್ಲೂ ತಪ್ಪಾಗಿರಬಹುದು. ಬಣ್ಣದ ಚಿತ್ರಕ್ಕೆ ಅಚ್ಚಿನ ಅಳತೆಯಲ್ಲಿ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಸಾಕು. ಕಪ್ಪು ಗೆರೆಗೆ ಕನಿಷ್ಠ 600 ಬೇಕು. ಇಲ್ಲವಾದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಗೆರೆಚಿತ್ರವನ್ನು ಜೆಪೆಗ್‌ನಲ್ಲಿ ಉಳಿಸಬೇಡಿ, ಗೆರೆಯ ಸುತ್ತ ಕೊಳೆ ಕೂರುತ್ತದೆ. ಟಿಫ್ ಕಡತವಿರಲಿ. ಗೆರೆಯ ಕಪ್ಪನ್ನು ಕಪ್ಪು ಶಾಯಿಯೊಂದರಲ್ಲೇ ಇಡಿ. ಅಚ್ಚಿನ ನಾಲ್ಕೂ ಬಣ್ಣ ಸೇರಿಸಿ ಮಾಡಿದ ಕಪ್ಪಾದರೆ, ಅಚ್ಚಿನ ಪ್ಲೇಟು ಕೂದಲೆಳೆ ಜರುಗಿದರೂ ಗೆರೆಯ ಅಂಚಿನಲ್ಲಿ ಕೆಂಪು, ನೀಲಿ ಇಣುಕುತ್ತವೆ. ಪುಟದ ಅಂಚಿನವರೆಗೂ ಹೋಗುವ ಚಿತ್ರವನ್ನು ಕತ್ತರಿಸುವ ಗೆರೆಯಿಂದ ಆಚೆ 3 ಮಿಲಿಮೀಟರ್ ಬೆಳೆಸಿ.

ಪ್ರಶ್ನೆ: ಚಿತ್ರ ಮುಗಿಸಿದ ಮೇಲೆ ಮಾತಿನ ಗುಳ್ಳೆಗೆ ಜಾಗವೇ ಸಿಗುವುದಿಲ್ಲ.

ಗುಳ್ಳೆಗಳನ್ನು ಬೆರಳುದ್ದದ ಕರಡಿನಲ್ಲೇ ಹಾಕಿ. ಮೊದಲು ಮಾತಾಡುವವರು ಎಡಕ್ಕೆ ನಿಲ್ಲಲಿ, ಇಲ್ಲದಿದ್ದರೆ ಗುಳ್ಳೆಗಳ ಬಾಲ ಒಂದನ್ನೊಂದು ದಾಟುತ್ತವೆ. ಚೌಕದ ಮೇಲಿನ ಮೂರನೇ ಒಂದು ಭಾಗ ಖಾಲಿ ಇರಲಿ. ಕನ್ನಡಕ್ಕೆ ಒತ್ತಕ್ಷರಗಳಿಂದಾಗಿ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ಇಂಗ್ಲಿಷ್ ಪುಟ ನೋಡಿ ಗುಳ್ಳೆಯ ಅಳತೆ ಹಿಡಿದರೆ ಸಾಲದು.

ಪ್ರಶ್ನೆ: ಪ್ರಶಸ್ತಿಗೆ ಯಾರು ಹೆಸರು ಕಳಿಸುತ್ತಾರೆ?

ಐಸ್ನರ್ ಪ್ರಶಸ್ತಿ 1988ರಿಂದ ಇದೆ. ಪ್ರಕಾಶಕರೂ ಕಲಾವಿದರೂ ಪ್ರಕಟವಾದ ಕೃತಿಯನ್ನು ಕಳಿಸಬಹುದು. ತೀರ್ಪುಗಾರರು ಅಂತಿಮ ಪಟ್ಟಿ ಮಾಡುತ್ತಾರೆ, ನಂತರ ಕಾಮಿಕ್ಸ್ ಉದ್ಯಮದವರು ಮತ ಹಾಕುತ್ತಾರೆ. ಪತ್ರಿಕಾ ಚಿತ್ರಗಳಿಗೆ 1901ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಚಿತ್ರಕಾರರ ಸಂಘ ಸೊಸೈಟಿ ಆಫ್ ಇಲಸ್ಟ್ರೇಟರ್ಸ್‌ನ ವಾರ್ಷಿಕ ಸ್ಪರ್ಧೆಯಿದೆ. ಅಚ್ಚಾದ ಪ್ರತಿ, ಪ್ರಕಟವಾದ ತಿಂಗಳು, ಕಲಾ ನಿರ್ದೇಶಕರ ಹೆಸರು ಇವನ್ನು ಆಗಿಂದಾಗ್ಗೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಪದೇ ಪದೇ ತಿದ್ದಿಸುತ್ತಾರೆ, ಕೊನೆಗೆ ಚಿತ್ರವೇ ಬೇಡ ಅನ್ನುತ್ತಾರೆ. ಏನು ಮಾಡಲಿ?

ಕರಡಿಗೆ ಒಪ್ಪಿಗೆ ಸಿಗುವವರೆಗೂ ಬಣ್ಣ ಮುಟ್ಟಬೇಡಿ. ಎರಡು ಸಲ ತಿದ್ದುವುದು ಸಂಭಾವನೆಯಲ್ಲೇ ಸೇರಿದೆ, ಮೂರನೆಯದಕ್ಕೆ ಬೇರೆ ಹಣ ಎಂದು ಮೊದಲೇ ಬರವಣಿಗೆಯಲ್ಲಿರಲಿ. ಕರಡಿನ ಹಂತದಲ್ಲಿ ಕೈಬಿಟ್ಟರೆ ಎಷ್ಟು, ಮುಗಿದ ಮೇಲೆ ಕೈಬಿಟ್ಟರೆ ಎಷ್ಟು ಎಂಬುದೂ ಇರಲಿ. ಕೊಡುವುದು ಒಂದು ಸಲ ಪ್ರಕಟಿಸುವ ಹಕ್ಕು ಮಾತ್ರವೋ, ಎಲ್ಲ ಹಕ್ಕುಗಳೋ ಎಂದು ಕೇಳಿ ತಿಳಿದುಕೊಳ್ಳಿ. ಎಲ್ಲವನ್ನೂ ಕೊಡುವುದಾದರೆ ಸಂಭಾವನೆಯೂ ಅದಕ್ಕೆ ತಕ್ಕಂತೆ ಹೆಚ್ಚಬೇಕು. ಮೂಲಚಿತ್ರ ನಿಮಗೇ ವಾಪಸ್ ಬರಬೇಕು ಎಂಬ ಸಾಲನ್ನು ಬಿಡಲೇಬೇಡಿ.