ಶ್ರುತಿ ಹಾಕಿದ್ರೆ ಗಂಟಲು ಕಟ್ಟುತ್ತೆ: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ವಿವರ ಎಲ್ಲ ಬದಲಾಯಿಸಿದೀನಿ, ಬರೆಯೋಕೆ ಅವರ ಒಪ್ಪಿಗೆ ಇದೆ.)

ಸುಧಾ ಅಂತಿಟ್ಕೊಳ್ಳಿ, ಮೂವತ್ತರ ಆಸುಪಾಸು, ಚಿಕ್ಕ ವಯಸ್ಸಿಂದ ಕರ್ನಾಟಕ ಸಂಗೀತ ಕಲಿತವರು. ಒಂದು ಗಣೇಶನ ಪೆಂಡಾಲಲ್ಲಿ ಇವರ ಕಛೇರಿ ನಡೀತಿದ್ದಾಗ ಮುಂದಿನ ಸಾಲಲ್ಲಿ ಕೂತಿದ್ದ ಅಪ್ಪ ಕುಸಿದ್ರು, ಲೈಟು ಕಣ್ಣಿಗೆ ಹೊಡೀತಿತ್ತು ಇವರಿಗೆ ಕಾಣ್ಲಿಲ್ಲ, ಕಲ್ಯಾಣಿ ರಾಗದ ಆಲಾಪನೆ (ತಾಳ ಇಲ್ಲದೆ ರಾಗ ಬೆಳೆಸೋದು) ನಡೀತಾನೇ ಇತ್ತು. ಆಲಾಪನೆ ಹೊತ್ತಲ್ಲಿ ಸುಮ್ನೆ ಕೂತಿದ್ದ ಮೃದಂಗದವರು ನೋಡಿ ಇವರನ್ನ ಎಬ್ಬಿಸಿದ್ರು. ಅಪ್ಪ ಉಳೀಲಿಲ್ಲ.

ಆಮೇಲೆ ಸ್ಟೇಜ್ ಹತ್ತಿದ್ರೆ ಕೈ ತಣ್ಣಗಾಗೋದು, ಉಸಿರು ಮೇಲೆಮೇಲೆ. ಮನೇಲಿ ಎಲ್ಲರೂ "ಸ್ಟೇಜ್ ಫಿಯರ್ರು, ನಾಕು ಪ್ರೋಗ್ರಾಂ ಕೊಟ್ರೆ ಹೋಗುತ್ತೆ" ಅಂದ್ರು. ನಂಗೆ ಹಾಗನಿಸಲಿಲ್ಲ, ಯಾಕಂದ್ರೆ ಮನೇಲಿ ಒಬ್ರೇ ಇದ್ದಾಗ್ಲೂ ಶ್ರುತಿ ಕೊಡೋ ತಂಬೂರಿ ಆ್ಯಪ್ ಆನ್ ಮಾಡಿದ್ರೆ ಸಾಕು ಹಂಗೇ ಆಗ್ತಿತ್ತು, ಕೇಳೋರೇ ಇಲ್ಲದ ಕಡೆ ಎಂಥ ಸ್ಟೇಜ್ ಫಿಯರ್? ಸಾಮಾನ್ಯ ಸಭಾಕಂಪ "ತಪ್ಪಾದ್ರೆ ಜನ ಏನಂತಾರೆ" ಅನ್ನೋದ್ರ ಸುತ್ತ ಇರುತ್ತೆ. ಇವರ ಮಾತು ಬೇರೆ: "ಮೇಡಂ, ಅಪ್ಪ ಒದ್ದಾಡ್ತಿದ್ರೆ ನಾನು ಹಾಡ್ತಾ ಇದ್ನಲ್ಲ."

ಅದಕ್ಕೇ ಮೊದ್ಲು ಹಾಡೋ ವಿಷಯ ಬಿಟ್ಬಿಡಿ ಅಂದೆ. ಟ್ರಾಮಾ ಥೆರಪಿ ಟ್ರೈನಿಂಗ್ ಇರೋ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಕಳಿಸಿದೆ, ಆ ಸಂಜೆನ ಮೊದಲಿಂದ ಕೊನೇವರೆಗೂ ಬಾಯ್ಬಿಟ್ಟು ಹೇಳೋದು, ಮತ್ತೆ ಮತ್ತೆ ಹೇಳೋದು, ಅದು ಅಲ್ಲೇ ಆಗ್ಬೇಕಾದ ಕೆಲಸ. (ಎಲ್ಲಿ ಹೋಗ್ಬೇಕು ಗೊತ್ತಿಲ್ಲ ಅನ್ನೋರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು.) ಯಾರೋ ಫ್ರೆಂಡು ಪ್ರೊಪ್ರನಲಾಲ್ ಮಾತ್ರೆ ನುಂಗಿ ಸ್ಟೇಜ್ ಹತ್ತು ಅಂದಿದ್ರಂತೆ. ಎದೆ ಬಡಿತ, ಕೈ ನಡುಕಕ್ಕೆ ಅದನ್ನ ಕೊಡೋದು ನಿಜ, ಆದ್ರೆ ಇವರಿಗೆ ಆಸ್ತಮಾ! ಅಂಥವರಿಗೆ ಉಸಿರಾಟದ ತೊಂದ್ರೆ ಜೋರಾಗ್ಬಹುದು, ಡಾಕ್ಟರ್ ಕೇಳದೆ ಮುಟ್ಟಲೇಬೇಡಿ ಅಂದೆ.

ಭಾರ ಸ್ವಲ್ಪ ಇಳಿದ ಮೇಲೆ ಹಾಡು. ಮೊದ್ಲು ಬರೀ ಶ್ರುತಿ ಕೇಳೋದು, ಕೈ ತಣ್ಣಗಾದ್ರೂ ತಕ್ಷಣ ಆಫ್ ಮಾಡದೆ ಗಾಬರಿ ಇಳಿಯೋವರೆಗೂ ಕೂತಿರೋದು, ಯಾಕಂದ್ರೆ ಗಾಬರಿಯಾದ ತಕ್ಷಣ ಎದ್ದುಹೋದ್ರೆ ಮನಸ್ಸು "ಎದ್ದಿದ್ದಕ್ಕೇ ಬದುಕಿದೆ" ಅಂತ ಕಲಿಯುತ್ತೆ. ಆಮೇಲೆ ಮಾಯಾಮಾಳವಗೌಳದ ಸರಳೆ ವರಸೆ. "ಮಕ್ಕಳ ಪಾಠ" ಅಂತ ಮುಖ ಸಿಂಡರಿಸಿದ್ರು, ಆದ್ರೆ ಅಲ್ಲಿ ಹೆಸರು ಉಳಿಸ್ಕೊಳ್ಳೋ ಕಾಟ ಇಲ್ವಲ್ಲ. ಜನರ ಮುಂದೆ ಅಂತ ಹಾಡಿದ್ದು ತ್ಯಾಗರಾಜರ ಆರಾಧನೆಯ ಗೋಷ್ಠಿ ಗಾಯನದಲ್ಲಿ, ಹಿಂದಿನ ಸಾಲಲ್ಲಿ ಕೂತು. ಅಲ್ಲಿ ಹಾಡೋ ಪಂಚರತ್ನ, ಅಂದ್ರೆ ತ್ಯಾಗರಾಜರ ಐದು ಕೃತಿಗಳು, ಇರೋದು ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳಲ್ಲಿ, ಕಲ್ಯಾಣಿ ಬರೋದೇ ಇಲ್ಲ, ಅದೂ ಒಳ್ಳೇದೇ ಆಯ್ತು. ನಡುವೆ ಗಂಟಲು ಕಟ್ಟಿದ್ರೆ ಸುಮ್ನಿರಿ, ಉಳಿದೋರು ಹಾಡ್ತಾರೆ, ಎದ್ದು ಮಾತ್ರ ಹೋಗ್ಬೇಡಿ ಅಂದಿದ್ದೆ. ಎರಡು ಕಡೆ ಹಾಡೋದು ನಿಲ್ಲಿಸಿದ್ರಂತೆ, ಮತ್ತೆ ಸೇರ್ಕೊಂಡ್ರಂತೆ.

ಒಂದು ಅಭ್ಯಾಸ ಇನ್ನೂ ಬಿಡಿಸ್ತಾ ಇದೀವಿ, ಹಾಡ್ತಾ ಹಾಡ್ತಾ ಎದುರಿಗಿರೋ ವಯಸ್ಸಾದವರ ಮುಖಾನೇ ಚೆಕ್ ಮಾಡ್ತಿರ್ತಾರೆ, ಅದ್ರಿಂದ ಸಮಾಧಾನ ಸಿಗಲ್ಲ, ಭಯ ಜೀವಂತ ಇರುತ್ತೆ ಅಷ್ಟೇ. ಕಲ್ಯಾಣಿ ಇನ್ನೂ ಮುಟ್ಟಿಲ್ಲ. ಒಂಟಿ ಕಛೇರಿಗೆ ಒಬ್ರು ಕೇಳಿದಾರೆ, ಒಪ್ಕೊಳ್ಳಿ ಅಂತ ನಾನು ಹೇಳಿಲ್ಲ, ಬೇಡ ಅಂತಾನೂ ಹೇಳಿಲ್ಲ.